ಒಲ್ವೆನ್ ಎಂಬ ಹೆಸರಿನ ಜಾಡು ಹಿಡಿದು

ಬ್ರಿಟನ್ನಿನ ಭಾಗವಾದ ವೇಲ್ಸ್‌ನ ಪಶ್ಚಿಮದಲ್ಲಿ, ಸಮುದ್ರಕ್ಕೆ ಹತ್ತಿರದ ಒಂದು ಊರಿನ ಆಸ್ಪತ್ರೆಯಲ್ಲಿ ನಾನು ನರ್ಸ್. ವಯಸ್ಸಾದವರ ವಾರ್ಡು. ಸಕಲೇಶಪುರದ ಮಳೆಯಲ್ಲಿ ಬೆಳೆದವಳಿಗೆ ಇಲ್ಲಿಯ ಮಳೆ, ಮಂಜು, ಹಸಿರು ಗುಡ್ಡ ಯಾವುದೂ ಹೊಸದು ಅನ್ನಿಸಲಿಲ್ಲ. ಹೊಸದು ಅನ್ನಿಸಿದ್ದು ಹೆಸರುಗಳು. ಡ್ಯೂಟಿ ಶುರುವಾದಾಗ ಮೊದಲು ಕೈಗೆ ಬರುವುದು ರೋಗಿಗಳ ಪಟ್ಟಿ. ಅದರಲ್ಲಿ ಒಲ್ವೆನ್, ಬ್ಲೋಡ್ವೆನ್, ಕೈನ್ವೆನ್, ಐರ್ವೆನ್, ಡಿಲಿಸ್. ಎಲ್ಲರೂ ಎಂಬತ್ತೈದು ದಾಟಿದವರು. ಅದೇ, ಸಂಜೆ ಸ್ಕೂಲ್ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತರೆ ಅಮ್ಮಂದಿರು ಕೂಗುವ ಹೆಸರುಗಳೇ ಬೇರೆ. ಮಾಲಿ, ಕಾಡಿ, ನೆಲ್, ಎವಾ. ಅವೂ ವೆಲ್ಶ್ ಮನೆಗಳ ಹೆಸರುಗಳೇ. ಆದರೆ ಆ ಗೇಟಿನಲ್ಲಿ ಯಾರೂ "ಒಲ್ವೆನ್, ಬಾ ಇಲ್ಲಿ" ಅಂತ ಕೂಗಿದ್ದನ್ನು ನಾನು ಕೇಳಿಲ್ಲ.

ಯಾಕೆ ಹೀಗೆ ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ. "ಅದು ಹಳೇ ಹೆಸರು, ಅಜ್ಜಿಯರ ಹೆಸರು." ಸರಿ, ಹಳೇದು ಅಂದರೆ ಎಷ್ಟು ಹಳೇದು? ಇದು ನನ್ನನ್ನು ಬಹಳ ದಿನ ಕಾಡಿತು. ನಮ್ಮ ಬೀದಿಯ ಕೊನೆಗೆ ಒಂದು ಚಾಪೆಲ್, ಅಂದರೆ ಪುಟ್ಟ ಚರ್ಚು, ಇದೆ. ಈಗ ಪ್ರಾರ್ಥನೆ ನಡೆಯುವುದು ಕಡಿಮೆ, ಹಿಂದಿನ ಸಮಾಧಿಗಳಿಗೆ ಮಾತ್ರ ಯಾರೋ ಹುಲ್ಲು ಕತ್ತರಿಸುತ್ತಾರೆ. ರಜೆಯ ದಿನ ಅಲ್ಲಿ ಓಡಾಡುವುದು ನನಗೆ ಇಷ್ಟ. ಹಳೆಯ ಕಲ್ಲುಗಳ ಮೇಲಿನ ಹೆಂಗಸರ ಹೆಸರು ಓದುತ್ತಾ ಹೋದರೆ ಮೇರಿ, ಆನ್, ಎಲಿಜಬೆತ್, ಮಾರ್ಗರೆಟ್, ಜೇನ್. ಮತ್ತೆ ಮೇರಿ, ಮತ್ತೆ ಆನ್. ಒಂದೇ ಒಂದು ಒಲ್ವೆನ್ ಇಲ್ಲ. ವಿಕ್ಟೋರಿಯಾ ರಾಣಿಯ ಕೊನೆಗಾಲದಲ್ಲಿ ಹುಟ್ಟಿದವರ ಕಲ್ಲುಗಳಿಗೆ ಬಂದಾಗಲೇ 'ವೆನ್' ಎಂದು ಮುಗಿಯುವ ಹೆಸರುಗಳು ಕಾಣಿಸಿಕೊಳ್ಳುವುದು. ಅಂದರೆ ನನ್ನ ವಾರ್ಡಿನ ಅಜ್ಜಿಯರ ಅಜ್ಜಿಯರಿಗೆ ಈ ಹೆಸರು ಇರಲಿಲ್ಲ! ಮುತ್ತಜ್ಜಿ ಮೇರಿ, ಮೊಮ್ಮಗಳು ಒಲ್ವೆನ್, ಮರಿಮಗಳು ಮಾಲಿ. ಮಧ್ಯದ ಒಂದೆರಡು ತಲೆಮಾರಿಗೆ ಮಾತ್ರ ಸೇರಿದ ಹೆಸರು ಇದು. ಎಲ್ಲಿಂದ ಬಂತು, ಯಾರು ತಂದರು, ಯಾಕೆ ಆಗಲೇ ಬಂತು? ಅದನ್ನು ಹುಡುಕುತ್ತಾ ಹೋಗಿದ್ದರ ಕಥೆ ಇದು.

ಹುಡುಕೋಕೆ ಇಷ್ಟು ಹೆಸರಿರುವಾಗ ಒಲ್ವೆನ್ ಹೆಸರನ್ನೇ ಹಿಡಿದುಕೊಂಡದ್ದಕ್ಕೆ ಒಂದು ಕಾರಣ ಅದರ ಸದ್ದು. ವೆಲ್ಶ್ ಭಾಷೆಯ ಎಷ್ಟೋ ಹೆಸರು ನಮ್ಮ ನಾಲಿಗೆಗೆ ಸುಲಭವಾಗಿ ಹೊರಳುವುದಿಲ್ಲ. ಒಲ್ವೆನ್ ಹಾಗಲ್ಲ. ಮೊದಲನೇ ಅಕ್ಷರ ನಮ್ಮ 'ಒಲವು' ಪದದ ಒ. ಹಳಗನ್ನಡ ಓದಿದ ಕಿವಿಗೆ ಯಾರೋ 'ಒಲಿಯುವೆನು' ಅಂದ ಹಾಗೆ ಕೇಳುತ್ತದೆ. ಇದು ಬರೀ ಕಾಕತಾಳೀಯ, ಆ ಭಾಷೆಗೂ ನಮ್ಮ ಭಾಷೆಗೂ ನಂಟಿಲ್ಲ. ಆದರೂ ಮೊದಲ ಸಲ ಕೇಳಿದಾಗಲೇ ಅದು ನನ್ನೊಳಗೆ ಕೂತುಬಿಟ್ಟಿತು.

ಹೆಜ್ಜೆ ಇಟ್ಟಲ್ಲೆಲ್ಲ ನಾಲ್ಕು ಹೂ

ಹೆಸರು ಬಂದದ್ದು ಒಂದು ಕಥೆಯಿಂದ. 'ಕಿಲ್ಹುಖ್ ಮತ್ತು ಒಲ್ವೆನ್' ಅಂತ. ಸುಮಾರು 1100ರ ಹೊತ್ತಿಗೆ ಈ ರೂಪ ಪಡೆದದ್ದು ಅಂತ ಬಲ್ಲವರು ಹೇಳುತ್ತಾರೆ. ಆರ್ಥರ್ ರಾಜ ಬರುವ ವೆಲ್ಶ್ ಗದ್ಯ ಕಥೆಗಳಲ್ಲಿ ಎಲ್ಲಕ್ಕಿಂತ ಹಳೆಯದು. ನಮಗೆ ಉಳಿದು ಬಂದಿರುವುದು ಹದಿನಾಲ್ಕನೇ ಶತಮಾನದ ಆಸುಪಾಸಿನ ಎರಡು ದೊಡ್ಡ ಕೈಬರಹದ ಪುಸ್ತಕಗಳಲ್ಲಿ. ಒಂದು ರಿಡರ್ಖ್‌ನ ಬಿಳಿ ಪುಸ್ತಕ. ಅದರಲ್ಲಿ ಈ ಕಥೆ ಅರ್ಧಕ್ಕೇ ನಿಲ್ಲುತ್ತದೆ. ಆ ಪುಸ್ತಕ ಈಗ ಅಬೆರಿಸ್ಟ್‌ವಿತ್‌ನಲ್ಲಿರುವ ವೇಲ್ಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಇನ್ನೊಂದು ಹೆರ್ಗೆಸ್ಟ್‌ನ ಕೆಂಪು ಪುಸ್ತಕ. ಪೂರ್ತಿ ಕಥೆ ಇರುವುದು ಅದರಲ್ಲಿ. ಅದು ಆಕ್ಸ್‌ಫರ್ಡ್ ಸೇರಿದೆ.

ಈ ಕಥೆಗೆ ಹೆಸರುಗಳ ಮೇಲೆ ಬಹಳ ಪ್ರೀತಿ. ಕಥೆಯ ಹುಡುಗ ಕಿಲ್ಹುಖ್ ಹುಟ್ಟುವುದು ಹಂದಿಗಳ ನಡುವೆ. ಬಸುರಿ ತಾಯಿಗೆ ಬುದ್ಧಿ ಕೆಟ್ಟು ಕಾಡು ಅಲೆಯುತ್ತಿರುತ್ತಾಳೆ, ಹಂದಿ ಹಿಂಡು ಕಂಡು ಗಾಬರಿಯಾಗಿ ಅಲ್ಲೇ ಹೆರುತ್ತಾಳೆ. ಹಾಗಾಗಿ ಅವನ ಹೆಸರಿನಲ್ಲೇ ಹಂದಿ ಇದೆ. ರಾಜನ ಮಗ, ಆರ್ಥರ್‌ನ ನೆಂಟ, ಆದರೂ ಹುಟ್ಟಿದ ಜಾಗವನ್ನು ಯಾರೂ ಮುಚ್ಚಿಡುವುದಿಲ್ಲ. ಮುಂದೆ ಮಲತಾಯಿ ಅವನ ಮೇಲೆ ಒಂದು ಶಾಪ ಹಾಕುತ್ತಾಳೆ. ದೈತ್ಯರಾಜ ಅಸ್ಬಡಾಡೆನ್‌ನ ಮಗಳು ಒಲ್ವೆನ್ ಸಿಗುವವರೆಗೆ ನಿನಗೆ ಬೇರೆ ಹೆಂಡತಿ ಇಲ್ಲ ಅಂತ. ಹುಡುಗ ಅವಳನ್ನು ಕಂಡೇ ಇಲ್ಲ. ಹೆಸರು ಕಿವಿಗೆ ಬಿದ್ದದ್ದೇ ತಡ, ಮುಖ ಕೆಂಪಾಗಿ ಮೈಯೆಲ್ಲ ಅವಳೇ ತುಂಬಿಕೊಳ್ಳುತ್ತಾಳೆ. ಬರೀ ಹೆಸರು ಕೇಳಿ! ಆಮೇಲೆ ಆರ್ಥರ್‌ನ ಆಸ್ಥಾನಕ್ಕೆ ಹೋಗಿ, ಅಲ್ಲಿರುವ ವೀರರ ಮತ್ತು ಹೆಂಗಸರ ಇನ್ನೂರಕ್ಕೂ ಹೆಚ್ಚು ಹೆಸರು ಹಿಡಿದು ಆಣೆ ಇಟ್ಟು, ನನಗೆ ಒಲ್ವೆನ್‌ಳನ್ನು ಕೊಡಿಸು ಅಂತ ಕೇಳುತ್ತಾನೆ. ಎಷ್ಟೋ ಜನ ಓದುಗರು ಆ ಪಟ್ಟಿಯನ್ನು ಹಾರಿಸಿ ಮುಂದೆ ಹೋಗುತ್ತಾರೆ. ನನಗೆ ಅದೇ ಜಾಸ್ತಿ ಇಷ್ಟ. ಮರೆತು ಹೋಗಬಹುದಾದ ಹೆಸರುಗಳನ್ನೆಲ್ಲ ಕಥೆಗಾರ ಒಂದು ಕಡೆ ಕಟ್ಟಿ ಇಟ್ಟ ಹಾಗೆ ಕಾಣುತ್ತದೆ.

ಹುಡುಕಿಕೊಂಡು ಹೊರಟವರಿಗೆ ದೂರದಲ್ಲಿ ಕೋಟೆ ಕಾಣುತ್ತದೆ. ಎಷ್ಟು ನಡೆದರೂ ಅದು ಹತ್ತಿರವಾಗುವುದೇ ಇಲ್ಲ. ಕೊನೆಗೆ ಒಬ್ಬ ಕುರುಬನ ಮನೆ ಸಿಗುತ್ತದೆ. ಅವನ ಹೆಂಡತಿ ಹುಡುಗನಿಗೆ ಸಂಬಂಧದಲ್ಲಿ ಚಿಕ್ಕಮ್ಮನಾಗಬೇಕು. ಅವಳು ಹೇಳುವ ಒಂದು ಮಾತಿಗೋಸ್ಕರವೇ ನಾನು ಈ ಕಥೆಯನ್ನು ಮತ್ತೆ ಮತ್ತೆ ಓದಿದ್ದೇನೆ. ಒಲ್ವೆನ್ ಪ್ರತಿ ಶನಿವಾರ ತಲೆ ತೊಳೆಯೋಕೆ ಈ ಮನೆಗೆ ಬರುತ್ತಾಳಂತೆ. ತೊಳೆದ ಪಾತ್ರೆಯಲ್ಲೇ ಉಂಗುರಗಳನ್ನೆಲ್ಲ ಬಿಟ್ಟು ಹೋಗುತ್ತಾಳಂತೆ. ಅವನ್ನು ಕೇಳಿಕೊಂಡು ಅವಳೂ ವಾಪಸ್ ಬರುವುದಿಲ್ಲ, ಯಾರನ್ನೂ ಕಳಿಸುವುದಿಲ್ಲ. ದೈತ್ಯನ ಮಗಳು, ಆದರೂ ಶನಿವಾರ ತಲೆಸ್ನಾನಕ್ಕೆ ಬಡವರ ಮನೆ ಬೇಕು. ಆ ಕುರುಬನ ಮಕ್ಕಳನ್ನು ಅವಳ ಅಪ್ಪನೇ ಕೊಂದಿದ್ದಾನೆ. ಇಪ್ಪತ್ತನಾಲ್ಕು ಜನರಲ್ಲಿ ಉಳಿದಿರುವುದು ಒಬ್ಬನೇ. ಅವನನ್ನು ತಾಯಿ ಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದಾಳೆ. ಹಾಗಿದ್ದಾಗ ಆ ಉಂಗುರಗಳು ಮರೆವಿನಿಂದ ಉಳಿದವು ಅಂತ ನನಗಂತೂ ಅನ್ನಿಸುವುದಿಲ್ಲ. ಅಪ್ಪ ಮಾಡಿದ್ದಕ್ಕೆ ಮಗಳು ತನ್ನಿಂದ ಆದಷ್ಟು ಕೊಡುತ್ತಿದ್ದಳು. ಕಥೆ ಹಾಗೆ ಹೇಳುವುದಿಲ್ಲ, ಇದು ನನ್ನ ಓದು.

ಅವಳು ಬರುವಾಗ ಉರಿಗೆಂಪು ರೇಷ್ಮೆ ಉಟ್ಟಿರುತ್ತಾಳೆ, ಕುತ್ತಿಗೆಗೆ ಚಿನ್ನದ ಕಂಠಿ. ಅವಳ ಕೂದಲು, ಕೆನ್ನೆ, ಬೆರಳು ಎಲ್ಲವನ್ನೂ ಕಥೆಗಾರ ಒಂದೊಂದು ಹೂವಿಗೆ, ನೊರೆಗೆ, ಹಕ್ಕಿಗೆ ಹೋಲಿಸುತ್ತಾನೆ. ಕೊನೆಗೆ ಹೇಳುತ್ತಾನೆ: ಅವಳು ಎಲ್ಲಿ ಹೆಜ್ಜೆ ಇಟ್ಟರೂ ಅವಳ ಹಿಂದೆ ನಾಲ್ಕು ಬಿಳಿ ಕ್ಲೋವರ್ ಹೂ ಅರಳುತ್ತಿದ್ದವು, ಅದಕ್ಕೇ ಅವಳಿಗೆ ಒಲ್ವೆನ್ ಅಂತ ಹೆಸರು. 'ಓಲ್' ಅಂದರೆ ಹೆಜ್ಜೆಗುರುತು, ಜಾಡು. 'ಗ್ವೆನ್' ಅಂದರೆ ಬಿಳಿ. ಎರಡು ಸೇರಿದಾಗ ಗಕಾರ ಬಿದ್ದು 'ವೆನ್' ಆಗುತ್ತದೆ. ಬಿಳಿಯ ಹೆಜ್ಜೆಯವಳು.

ಒಲ್ವೆನ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಹೆಸರಿನ ಪುಸ್ತಕಗಳಲ್ಲೂ ಇಷ್ಟೇ ಇರುತ್ತದೆ. ನನಗೆ ಮುಖ್ಯ ಅನ್ನಿಸುವುದು ಅದರ ಮುಂದಿನ ಸಾಲುಗಳು. ಹುಡುಗ ನನ್ನ ಜೊತೆ ಬಾ ಅಂತ ಕರೆದಾಗ ಅವಳು ಸುಮ್ನೆ ತಲೆ ತಗ್ಗಿಸಿ ನಿಲ್ಲುವುದಿಲ್ಲ. ಅಪ್ಪನ ಮಾತು ಕೇಳದೆ ಬರೋದಿಲ್ಲ ಅಂತ ಮಾತು ಕೊಟ್ಟಿದ್ದೇನೆ, ನಾನು ಮದುವೆಯಾಗಿ ಹೋದ ದಿನ ಅವನ ಆಯಸ್ಸು ಮುಗಿಯುತ್ತದೆ ಅನ್ನುತ್ತಾಳೆ. ಆಮೇಲೆ ದಾರಿಯನ್ನೂ ಅವಳೇ ಹೇಳಿಕೊಡುತ್ತಾಳೆ. ಹೋಗಿ ಅಪ್ಪನನ್ನು ಕೇಳು, ಅವನು ಏನೇ ಕೇಳಿದರೂ ತಂದುಕೊಡುತ್ತೇನೆ ಅನ್ನು, ಯಾವುದಕ್ಕೂ ಇಲ್ಲ ಅನ್ನಬೇಡ. ಹುಡುಗ ಹಾಗೆಯೇ ಮಾಡುತ್ತಾನೆ. ದೈತ್ಯ ಸುಮಾರು ನಲವತ್ತು ಅಸಾಧ್ಯ ಕೆಲಸ ಹೇಳುತ್ತಾನೆ. ಪ್ರತಿಯೊಂದಕ್ಕೂ ಹುಡುಗನದ್ದು ಒಂದೇ ಉತ್ತರ: ಅದು ನನಗೆ ಸುಲಭ, ನಿನಗೆ ಕಷ್ಟ ಅನ್ನಿಸಿದರೂ. ಅದು ಒಲ್ವೆನ್ ಕಲಿಸಿದ ಪಾಠ. ಕಥೆಯ ಉಳಿದ ಭಾಗವೆಲ್ಲ ಗಂಡಸರ ಬೇಟೆ. ತುರ್ಖ್ ತ್ರುವಿತ್ ಎಂಬ ಕಾಡುಹಂದಿಯ ಕಿವಿಗಳ ನಡುವೆ ಇರುವ ಬಾಚಣಿಗೆ, ಕತ್ತರಿಗಾಗಿ ಆರ್ಥರ್‌ನ ಸೈನ್ಯ ಐರ್ಲೆಂಡಿನಿಂದ ಅದನ್ನು ಅಟ್ಟಿಸಿಕೊಂಡು ಬರುತ್ತದೆ. ಅದು ದಡ ಹತ್ತುವುದು ಸೇಂಟ್ ಡೇವಿಡ್ಸ್ ಪಕ್ಕದ ಪೋರ್ತ್ ಕ್ಲೈಸ್‌ನಲ್ಲಿ. ಈಗ ಅಲ್ಲಿ ಚಿಕ್ಕ ದೋಣಿಗಳು ನಿಲ್ಲುತ್ತವೆ, ಜನ ಐಸ್‌ಕ್ರೀಂ ತಿನ್ನುತ್ತಾ ಕೂರುತ್ತಾರೆ. ಅಲ್ಲಿಂದ ಪ್ರೆಸೆಲಿ ಬೆಟ್ಟ ಹತ್ತಿ ಇಳಿದು ವೇಲ್ಸ್‌ನ ಉದ್ದಕ್ಕೂ ಓಟ. ಕೊನೆಗೆ ದೈತ್ಯನ ತಲೆ ಕಡಿಯುವವನು ಯಾರು ಗೊತ್ತೇ? ಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದ ಆ ಕುರುಬನ ಮಗ.

ಬಿಳಿ ಅಂದಾಗ ಅವರು ಏನನ್ನು ನೆನೆಯುತ್ತಾರೆ

'ಬಿಳಿ' ಅಂದ ತಕ್ಷಣ ನಮಗೆ ಮೈಬಣ್ಣ ನೆನಪಾಗುತ್ತದೆ. ಹೆಣ್ಣು ನೋಡೋಕೆ ಬಂದವರ ಮುಂದೆ ಕೂತ ಯಾರಿಗೂ ಅದನ್ನು ವಿವರಿಸಿ ಹೇಳಬೇಕಿಲ್ಲ. ಹಾಗಾಗಿ ಈ ವೆನ್, ವೆನ್, ವೆನ್ ಅಂತ ಮುಗಿಯುವ ಹೆಸರುಗಳ ಅರ್ಥ ತಿಳಿದಾಗ ನನಗೆ ಸ್ವಲ್ಪ ಬೇಸರವೇ ಆಯಿತು. ಬ್ಲೋಡ್ವೆನ್ ಅಂದರೆ ಬಿಳಿ ಹೂ, ಐರ್ವೆನ್ ಅಂದರೆ ಹಿಮದ ಬಿಳುಪು. ಇಲ್ಲೂ ಅದೇನಾ ಅನ್ನಿಸಿತು.

ಅದನ್ನು ಬಿಡಿಸಿ ಹೇಳಿದವರು ಚಾಪೆಲ್‌ನಲ್ಲಿ ಹಿಂದೆ ಆರ್ಗನ್ ನುಡಿಸುತ್ತಿದ್ದ ಒಬ್ಬರು ಹಿರಿಯರು. ವೆಲ್ಶ್ ಬೈಬಲ್ ತೆಗೆದು ತೋರಿಸಿದರು. ಗುಡ್ಡದ ಮೇಲೆ ಯೇಸು ಮಾಡುವ ಬೋಧನೆ ಇದೆಯಲ್ಲ, ಕನ್ನಡ ಬೈಬಲ್‌ನಲ್ಲಿ 'ಧನ್ಯರು' ಅಂತ ಬರುವ ಸಾಲುಗಳು. ವೆಲ್ಶ್‌ನಲ್ಲಿ ಅವೆಲ್ಲ ಶುರುವಾಗುವುದು 'ಗ್ವಿನ್ ಎಯ್ ಬೀಡ್' ಅಂತ. ಅವರ ಲೋಕ ಬಿಳಿ. ಬಡವರು, ದುಃಖದಲ್ಲಿರುವವರು, ನೀತಿಗಾಗಿ ಹಸಿದವರು, ಅವರೆಲ್ಲರ ಲೋಕ ಬಿಳಿ. ಗ್ವಿನ್ ಗಂಡುರೂಪ, ಗ್ವೆನ್ ಹೆಣ್ಣುರೂಪ. ಹಾಗೆ ನೋಡಿದರೆ ಒಲ್ವೆನ್ ಅಂದರೆ ಅವಳು ನಡೆದು ಹೋದ ಜಾಗ ಹಸನಾಗುತ್ತದೆ ಅಂತ. ಬಿಳುಪು ಇರುವುದು ಅವಳು ದಾಟಿ ಹೋದ ನೆಲದ ಮೇಲೆ. ಅವಳ ಚರ್ಮವನ್ನು ಹೊಗಳುವ ಸಾಲುಗಳೂ ಕಥೆಯಲ್ಲಿ ಇವೆ, ಅದನ್ನು ಇಲ್ಲ ಅನ್ನಲಾರೆ. ಆದರೆ ಅವಳಿಗೆ ಹೆಸರು ಬಂದದ್ದು ಮುಖದಿಂದಲ್ಲ, ಪಾದದ ಗುರುತಿನಿಂದ.

ಆ ಹೂವಿನ ಬಗ್ಗೆಯೂ ಒಂದು ಮಾತು. ಬಿಳಿ ಕ್ಲೋವರ್ ಇಲ್ಲಿ ಎಲ್ಲ ಹುಲ್ಲುಗಾವಲಿನಲ್ಲೂ ಇದೆ. ಮೂರೆಲೆಯ ಪುಟ್ಟ ಗಿಡ, ನೆಲಕ್ಕೆ ಅಂಟಿಕೊಂಡು ಹಬ್ಬುತ್ತದೆ. ಹಬ್ಬಿದ ಗೆಣ್ಣಿಗೊಂದು ಬೇರು ಬಿಡುತ್ತದೆ. ಕುರಿ ಮೇಯ್ದರೂ, ದನ ತುಳಿದರೂ ಸಾಯುವುದಿಲ್ಲ. ಎತ್ತರದ ಹುಲ್ಲು ಬೆಳೆದರೆ ನೆರಳಿಗೆ ಸೊರಗುತ್ತದೆ, ಮೇಯಿಸಿದ ಕಡೆ ಚೆನ್ನಾಗಿ ಬರುತ್ತದೆ. ನಮ್ಮ ಹುರುಳಿ, ಅಲಸಂದೆಯ ಕುಟುಂಬದ್ದೇ. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದು ಕೊಡುತ್ತವೆ, ಮಣ್ಣು ಫಲವತ್ತಾಗುತ್ತದೆ. ಸಾರಜನಕದ ವಿಷಯ ಆ ಕಥೆಗಾರನಿಗೆ ಗೊತ್ತಿರಲಿಲ್ಲ. ಕ್ಲೋವರ್ ಇರುವ ಕಡೆ ಮೇವು ಚೆನ್ನಾಗಿರುತ್ತದೆ ಅನ್ನುವುದು ದನ ಕುರಿ ಸಾಕುವ ನಾಡಿನವನಿಗೆ ಖಂಡಿತ ಗೊತ್ತಿದ್ದಿರಬೇಕು. ನಡೆದಾಡಿದ ಕಡೆ ಬದುಕುವ ಹೂವನ್ನೇ ಅವನು ಹುಡುಗಿಯ ಕಾಲಿನ ಕೆಳಗೆ ಇಟ್ಟ. ಗುಲಾಬಿ ಇಟ್ಟಿದ್ದರೆ ಇಷ್ಟು ಚೆನ್ನಾಗಿ ಕೂರುತ್ತಿರಲಿಲ್ಲ. ಇನ್ನೂ ಖುಷಿಯ ವಿಷಯ ಏನೆಂದರೆ, 1919ರಲ್ಲಿ ಅಬೆರಿಸ್ಟ್‌ವಿತ್‌ನಲ್ಲಿ ಹುಲ್ಲು, ಮೇವಿನ ತಳಿ ಬೆಳೆಸುವ ಒಂದು ಕೇಂದ್ರ ಶುರುವಾಯಿತು. ಅಲ್ಲಿ ಮುಂದೆ ಬಂದ ಒಂದು ಬಿಳಿ ಕ್ಲೋವರ್ ತಳಿಗೆ ಇಟ್ಟ ಹೆಸರು ಒಲ್ವೆನ್.

ಮೇರಿಗಳ ನಾಡಿನಲ್ಲಿ

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಕಥೆ 1100ರದ್ದು, ಹೆಸರು ಸಮಾಧಿಗಳ ಮೇಲೆ ಕಾಣಿಸುವುದು ಹತ್ತೊಂಬತ್ತನೇ ಶತಮಾನದ ಕೊನೆಗೆ. ನಡುವೆ ಏನಾಯಿತು?

ಒಂದು ಕಾರಣ ಎಲ್ಲರಿಗೂ ಗೊತ್ತು. ಚಾಪೆಲ್ ಬೈಬಲ್ ಹೆಸರುಗಳನ್ನು ತಂದಿತು, ಇಂಗ್ಲಿಷ್ ಕಚೇರಿಗಳು ಇಂಗ್ಲಿಷ್ ರೂಪದ ಹೆಸರುಗಳನ್ನು ಬರೆದುಕೊಂಡವು. ಹಿಂದೆ ವೆಲ್ಶ್ ಜನಕ್ಕೆ ಮನೆತನದ ಹೆಸರು ಇರಲಿಲ್ಲ, ನಮ್ಮ ಹಾಗೆಯೇ ಅಪ್ಪನ ಹೆಸರು ಸೇರಿಸಿಕೊಳ್ಳುತ್ತಿದ್ದರು. 1536ರಿಂದ ಇಂಗ್ಲೆಂಡಿನ ಕಾನೂನು ಬಂದು, ಇಂಗ್ಲಿಷ್ ಕೋರ್ಟಿನ ಭಾಷೆಯಾದ ಮೇಲೆ ಅಪ್ಪಂದಿರ ಹೆಸರುಗಳೇ ನಿಧಾನಕ್ಕೆ ಮನೆತನದ ಹೆಸರಾಗಿ ಗಟ್ಟಿಯಾದವು. ಜೋನ್ಸ್, ಡೇವಿಸ್, ವಿಲಿಯಮ್ಸ್, ಇವಾನ್ಸ್. ಇರುವುದೇ ನಾಲ್ಕಾರು ಮನೆತನದ ಹೆಸರು, ಹುಡುಗಿಯರಿಗೆ ಇಡುವುದೂ ನಾಲ್ಕಾರು. ಒಂದೇ ಊರಿನಲ್ಲಿ ಎಷ್ಟು ಮೇರಿ ಜೋನ್ಸ್ ಇದ್ದಿರಬಹುದು, ಯೋಚಿಸಿ. ಜನ ಅವರನ್ನು ತೋಟದ ಹೆಸರು, ಗಂಡನ ಕಸುಬು ಹಿಡಿದು ಗುರುತಿಸುತ್ತಿದ್ದರು.

ಇನ್ನೊಂದು ಕಾರಣ ನೋವಿನದ್ದು. 1847ರಲ್ಲಿ ವೇಲ್ಸ್‌ನ ಶಾಲೆಗಳ ಬಗ್ಗೆ ಸರ್ಕಾರದ ಒಂದು ವರದಿ ಬಂತು. ನೀಲಿ ಹೊದಿಕೆಯ ದಪ್ಪ ಸಂಪುಟಗಳು. ತಯಾರಿಸಿದ ಮೂವರು ಕಮಿಷನರ್‌ಗಳಿಗೂ ವೆಲ್ಶ್ ಬರುತ್ತಿರಲಿಲ್ಲ. ಶಾಲೆಗಳು ಕೆಟ್ಟದಾಗಿದ್ದವು ಅನ್ನುವುದು ನಿಜವೇ. ವರದಿ ಅಷ್ಟಕ್ಕೆ ನಿಲ್ಲಲಿಲ್ಲ. ವೆಲ್ಶ್ ಭಾಷೆಯೇ ಜನರ ನೀತಿಗೂ ಏಳಿಗೆಗೂ ಅಡ್ಡಿ ಅಂದಿತು. ವೆಲ್ಶ್ ಹೆಂಗಸರ ನಡತೆಯ ಬಗ್ಗೆ ಕೆಟ್ಟ ಮಾತು ಬರೆಯಿತು. ರಾತ್ರಿ ಪ್ರಾರ್ಥನಾ ಸಭೆಗೆ ಹೋಗಿ ಬರುವ ಹುಡುಗಿಯರ ಮೇಲೂ ಅನುಮಾನ. ಊರೂರಿನಲ್ಲಿ ಸಿಟ್ಟು ಎದ್ದಿತು. ಮುಂದೆ ಅದನ್ನು 'ನೀಲಿ ಪುಸ್ತಕಗಳ ದ್ರೋಹ' ಅಂತಲೇ ಕರೆದರು. ಇಯನ್ ಗ್ವಿನೆಡ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಪಾದ್ರಿ ಇವಾನ್ ಜೋನ್ಸ್ ಹೆಂಗಸರ ಪರವಾಗಿ ಬರೆದರು, 1850ರಲ್ಲಿ ವೆಲ್ಶ್ ಹೆಂಗಸರಿಗಾಗಿಯೇ ಒಂದು ಪತ್ರಿಕೆ ಶುರು ಮಾಡಿದರು. ಎರಡು ವರ್ಷದೊಳಗೆ ತೀರಿಕೊಂಡರು, ಆಗ ಅವರಿಗೆ ಇನ್ನೂ ಮೂವತ್ತರ ಆಸುಪಾಸು.

ಸರಿಯಾಗಿ ಅದೇ ಕಾಲಕ್ಕೆ ಹಳೆಯ ಕಥೆಗಳು ಕೈಬರಹದಿಂದ ಹೊರಗೆ ಬಂದವು. 1838ರಿಂದ 1849ರವರೆಗೆ ಅವುಗಳನ್ನು ಅನುವಾದಿಸಿ ಅಚ್ಚು ಹಾಕಿಸಿದವರು ಲೇಡಿ ಶಾರ್ಲಟ್ ಗೆಸ್ಟ್. ಇಂಗ್ಲಿಷ್ ಮನೆತನದವರು, ಮದುವೆಯಾಗಿ ಬಂದದ್ದು ಮರ್ತಿರ್ ಟಿಡ್ವಿಲ್ ಪಕ್ಕದ ಡೌಲೈಸ್‌ಗೆ. ಗಂಡ ಕಬ್ಬಿಣದ ಕಾರ್ಖಾನೆಯ ಒಡೆಯ. ಆ ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಕಾರ್ಖಾನೆಗಳಲ್ಲಿ ಒಂದು. ಅವರು ಅಲ್ಲಿ ವೆಲ್ಶ್ ಕಲಿತರು, ಹತ್ತು ಮಕ್ಕಳನ್ನು ಹೆತ್ತರು, ವೆಲ್ಶ್ ವಿದ್ವಾಂಸರ ಸಹಾಯದಿಂದ ಈ ಕಥೆಗಳನ್ನು ಇಂಗ್ಲಿಷಿಗೆ ತಂದರು. ಮೂಲದ ವೆಲ್ಶ್ ಪಾಠವನ್ನೂ ಜೊತೆಗೇ ಅಚ್ಚು ಹಾಕಿಸಿದರು. 'ಮಾಬಿನೋಗಿಯನ್' ಅಂತ ಇವತ್ತು ಎಲ್ಲರೂ ಕರೆಯುವ ಸಂಗ್ರಹ ಅದೇ. ಒಲ್ವೆನ್ ಮತ್ತೆ ಜನರ ಕಣ್ಣಿಗೆ ಬಿದ್ದದ್ದು ಹೀಗೆ.

ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಹೆಸರಿನ ಇನ್ನೊಂದು ಮುಖ ಕಾಣಿಸಿತು. ನಿಮ್ಮ ಭಾಷೆ ಕೆಲಸಕ್ಕೆ ಬಾರದ್ದು, ನಿಮ್ಮ ಹೆಣ್ಣುಮಕ್ಕಳು ಸರಿಯಿಲ್ಲ ಅನ್ನಿಸಿಕೊಂಡ ಜನರ ಮಕ್ಕಳು ಮೊಮ್ಮಕ್ಕಳು ತಮ್ಮ ಹೆಣ್ಣುಮಕ್ಕಳಿಗೆ ಏನು ಹೆಸರಿಟ್ಟರು? ಅದೇ ಭಾಷೆಯ ಅತಿ ಹಳೆಯ ಕಥೆಯೊಂದರಿಂದ, ಅಪ್ಪಟ ವೆಲ್ಶ್ ಪದಗಳಿಂದ ಕಟ್ಟಿದ ಹೆಸರು. ಬ್ಲೋಡ್ವೆನ್ ಕೂಡ ಹೀಗೆಯೇ ಹಬ್ಬಿತು. 1878ರಲ್ಲಿ ಅಬೆರಿಸ್ಟ್‌ವಿತ್‌ನಲ್ಲಿ ಮೊದಲ ಪ್ರದರ್ಶನ ಕಂಡ ಮೊದಲ ವೆಲ್ಶ್ ಒಪೆರಾದ ನಾಯಕಿ ಅವಳು. ಗಣಿ ಕೆಲಸದವರು, ಮೇಷ್ಟ್ರು, ರೈತರು, ಎಲ್ಲರ ಮನೆಯಲ್ಲೂ ಇಂಥ ಹೆಸರು ಬಂತು. ಆಗ ಅದು ಹಳೇ ಹೆಸರಾಗಿರಲಿಲ್ಲ, ಹೊಸದಾಗಿತ್ತು. ಅದಕ್ಕೆ ಸ್ವಲ್ಪ ಧೈರ್ಯವೂ ಬೇಕಿತ್ತು ಅಲ್ವಾ?

ಹೊರಗಿನ ಜಗತ್ತಿಗೆ ಗೊತ್ತಿರುವ ಒಂದು ಉದಾಹರಣೆ ಡೇವಿಡ್ ಲಾಯ್ಡ್ ಜಾರ್ಜ್ ಮನೆಯದು. 1916ರಿಂದ 1922ರವರೆಗೆ ಬ್ರಿಟನ್ ಪ್ರಧಾನಿ, ಮನೆಮಾತು ವೆಲ್ಶ್. 1892ರಲ್ಲಿ ಹುಟ್ಟಿದ ಮಗಳಿಗೆ ಒಲ್ವೆನ್ ಅಂತ ಹೆಸರಿಟ್ಟರು. ಅವಳ ಗಂಡ ಟಾಮ್ ಕ್ಯಾರಿ ಇವಾನ್ಸ್ ಇಂಡಿಯನ್ ಮೆಡಿಕಲ್ ಸರ್ವಿಸ್‌ನಲ್ಲಿದ್ದ ವೈದ್ಯ, ವೈಸ್‌ರಾಯ್ ಲಾರ್ಡ್ ರೀಡಿಂಗ್‌ಗೆ ವೈದ್ಯರಾಗಿದ್ದವರು. ಆಕೆ 1990ರವರೆಗೆ ಬದುಕಿದ್ದರು. ಹೆಸರು ಹೊಸದಾಗಿದ್ದಾಗ ಹುಟ್ಟಿ, ಅದು ಅಜ್ಜಿ ಹೆಸರಾಗುವವರೆಗೆ ಅದನ್ನು ಹೊತ್ತುಕೊಂಡು ಬಂದವರು. ಅಷ್ಟರಲ್ಲಿ ಹೆಸರು ಗಡಿಯನ್ನೂ ದಾಟಿತ್ತು. ಫ್ರಾನ್ಸಿನ ಇತಿಹಾಸ ಮತ್ತು ಹೆಂಗಸರ ಇತಿಹಾಸದ ಬಗ್ಗೆ ಬರೆದ ದೊಡ್ಡ ವಿದ್ವಾಂಸರು ಒಲ್ವೆನ್ ಹಫ್ಟನ್ 1938ರಲ್ಲಿ ಹುಟ್ಟಿದ್ದು ಇಂಗ್ಲೆಂಡಿನ ಓಲ್ಡಮ್‌ನಲ್ಲಿ.

ಫೈಲಿನಲ್ಲಿ ಮೇರಿ

ನನ್ನ ವಾರ್ಡಿನ ಒಂದು ಬೆಳಿಗ್ಗೆ ಹೇಳಬೇಕು. ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಒಬ್ಬರು ಹಿರಿಯರು ಬೇರೆ ಕಡೆಯಿಂದ ನಮ್ಮಲ್ಲಿಗೆ ಬಂದಿದ್ದರು. ಮರೆವು ಜಾಸ್ತಿಯಾಗಿತ್ತು. ಕಾಗದದಲ್ಲಿ ಮೊದಲ ಹೆಸರು ಮೇರಿ. ರಾತ್ರಿ ಪಾಳಿಯವರು ಮಾತು ಒಪ್ಪಿಸುವಾಗ, ಕರೆದರೆ ತಿರುಗಿ ನೋಡುವುದಿಲ್ಲ, ಕಿವಿ ಮಂದ ಇರಬೇಕು ಅಂದರು. ಬೆಳಿಗ್ಗೆ ಡಾಕ್ಟರೂ ಮೇರಿ ಅಂತ ಕರೆದರು. ಅವರು ಕಿಟಕಿಯ ಕಡೆ ನೋಡುತ್ತಲೇ ಇದ್ದರು. ಹತ್ತು ಗಂಟೆಗೆ ಮಗಳು ಬಂದರು. ಕಾಲುದಾರಿಯ ಕೆಸರು ಇನ್ನೂ ಬೂಟಿನ ಮೇಲಿತ್ತು, ತೋಟದಿಂದ ನೇರ ಬಂದಿದ್ದರು. ನಾನು "ಅಮ್ಮ ಬೆಳಿಗ್ಗೆಯಿಂದ ಮಾತಾಡಿಲ್ಲ" ಅಂದೆ. "ಏನಂತ ಕರೆದಿರಿ?" ಅಂತ ಕೇಳಿದರು. ಹೇಳಿದೆ. ಅವರು ಹಾಸಿಗೆಯ ಪಕ್ಕ ಕೂತು, "ಅದು ಸರ್ಟಿಫಿಕೇಟಿನ ಹೆಸರು. ಅವಳನ್ನು ಹಾಗೆ ಯಾರೂ ಯಾವತ್ತೂ ಕರೆದಿಲ್ಲ. ಅವಳು ಒಲ್ವೆನ್" ಅಂದರು. ಇಲ್ಲಿ ಇದು ಮಾಮೂಲು. ಎರಡನೇ ಹೆಸರೇ ಕರೆಯುವ ಹೆಸರಾಗಿರುವವರು ಬೇಕಾದಷ್ಟು ಜನ. ಮೊದಲನೆಯದು ಅಜ್ಜಿಯದ್ದೋ ಅತ್ತೆಯದ್ದೋ, ಎರಡನೆಯದು ಅಪ್ಪ ಅಮ್ಮ ಇಷ್ಟಪಟ್ಟು ಆರಿಸಿದ್ದು.

ನಾನು ಹತ್ತಿರ ಹೋಗಿ, ಬರುವಷ್ಟು ವೆಲ್ಶ್‌ನಲ್ಲಿ "ಬೋರೆ ದಾ, ಒಲ್ವೆನ್" ಅಂದೆ. ಅವರು ತಿರುಗಿದರು. ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಉತ್ತರವೂ ವೆಲ್ಶ್‌ನಲ್ಲೇ ಬಂತು, ಉದ್ದಕ್ಕೆ, ನನಗೆ ಅರ್ಧವೂ ಅರ್ಥವಾಗಲಿಲ್ಲ. ಮರೆವಿನ ಕಾಯಿಲೆಯಲ್ಲಿ ಆಮೇಲೆ ಕಲಿತ ಭಾಷೆ ಮೊದಲ ಭಾಷೆಗಿಂತ ಮುಂಚೆ ಕೈಬಿಡುವುದು ಎಷ್ಟೋ ಜನರಲ್ಲಿ ಕಾಣುತ್ತದೆ. ಕಿತ್ತಳೆ ಬಣ್ಣದ ಮಾತಿನ ಗುಳ್ಳೆಯ ಬ್ಯಾಡ್ಜ್ ಹಾಕಿದ, ಅಂದರೆ ವೆಲ್ಶ್ ಮಾತಾಡುವ ಸಹೋದ್ಯೋಗಿ ಬಂದಳು. ಅವಳ ಹತ್ತಿರ ಒಲ್ವೆನ್ ಚಹಾ ಕೇಳಿದರು, ಕುರಿಗಳ ಬಗ್ಗೆ ಕೇಳಿದರು, ಹೆಸರು ಇಟ್ಟವರು ತಮ್ಮ ಅಪ್ಪ ಅಂತ ಹೇಳಿದರು. ಅಪ್ಪನಿಗೆ ಸ್ಕೂಲಿನಲ್ಲಿ ಮೇಷ್ಟ್ರು ಆ ಕಥೆ ಓದಿ ಹೇಳಿದ್ದರಂತೆ. ಅಜ್ಜಿ ಮೇರಿ ಅಂತಲೇ ಇಡಬೇಕು ಅಂತ ಹಟ ಹಿಡಿದದ್ದಕ್ಕೆ ಎರಡನ್ನೂ ಇಟ್ಟರಂತೆ. ಆ ದಿನವೇ ಹಾಸಿಗೆಯ ಮೇಲಿನ ಬೋರ್ಡಿನಲ್ಲಿ ಕರೆಯುವ ಹೆಸರು ಬದಲಾಯಿತು. ಆಮೇಲಿನ ದಿನಗಳಲ್ಲಿ ಮಾತ್ರೆ ಕೊಡೋಕೆ, ಎಬ್ಬಿಸಿ ನಡೆಸೋಕೆ ಕಷ್ಟವಾಗಲಿಲ್ಲ. ಒಂದು ಹೆಸರಿನಿಂದ ಇಷ್ಟು ವ್ಯತ್ಯಾಸವಾಗುತ್ತದೆ ಅನ್ನುವುದು ನಮ್ಮ ಕೆಲಸದಲ್ಲಿ ದಿನಾ ಕಾಣುವ ಸತ್ಯ. ಆದರೆ ಆ ಬೆಳಿಗ್ಗೆ ನನಗೆ ಕಂಡದ್ದು ಇನ್ನೂ ಒಂದು. ಚಾಪೆಲ್ ಹಿಂದಿನ ಕಲ್ಲುಗಳಲ್ಲಿ ನಾನು ಓದಿದ ಮೇರಿಯಿಂದ ಒಲ್ವೆನ್‌ವರೆಗಿನ ದಾರಿ ಪೂರ್ತಿ ಇವರೊಬ್ಬರ ಹೆಸರಿನಲ್ಲೇ ಇತ್ತು.

ನಮ್ಮ ಕಡೆಯ ಹೆಸರುಗಳು

ಈ ಬರಹ ಓದುವ ನೀವೂ ನಿಮ್ಮ ಅಜ್ಜಿಯ ಹೆಸರು ನೆನೆಸಿಕೊಂಡಿರುತ್ತೀರಿ. ನನ್ನ ಅಜ್ಜಿ ಬೆಳ್ಳಮ್ಮ. ಅವರ ಅಕ್ಕ ಕೆಂಪಮ್ಮ. ಹೊನ್ನಮ್ಮ, ಚೆಲುವಮ್ಮ, ಮುದ್ದಮ್ಮ, ಪುಟ್ಟಮ್ಮ ಅಂತೆಲ್ಲ ಊರು ತುಂಬ ಇದ್ದರು. ಒಂದೊಂದೂ ಅಚ್ಚ ಕನ್ನಡ. ಅಮ್ಮನ ಕಾಲಕ್ಕೆ ಸಾವಿತ್ರಿ, ಶಾರದಾ ಬಂತು. ನಮ್ಮ ಕಾಲಕ್ಕೆ ಇನ್ನೂ ದೂರ ಹೋಯಿತು. ಈಗ ಊರಿನಲ್ಲಿ ತೊಟ್ಟಿಲಿಗೆ ಹಾಕುವ ಮಗುವಿನ ಹೆಸರಿಗೆ ಫೋನಿನಲ್ಲಿ ಅರ್ಥ ಹುಡುಕಬೇಕು. ವೆಲ್ಶ್ ಜನ ಹೊರಗಿನ ಹೆಸರಿನಿಂದ ತಮ್ಮ ಮಾತಿನ ಹೆಸರಿಗೆ ಬಂದರು. ನಾವು ನಮ್ಮ ಮಾತಿನ ಹೆಸರಿನಿಂದ ಹೊರಗೆ ಹೋದೆವು. ಯಾರ ಮೇಲೂ ಸಿಟ್ಟಿನಿಂದ ಇದನ್ನು ಬರೆಯುತ್ತಿಲ್ಲ. ಕೆಂಪಮ್ಮ ಅಂದರೆ ಹಳ್ಳಿಯವಳು, ಓದಿಲ್ಲದವಳು, ಕೆಳಗಿನವಳು ಅಂತ ಬೇರೆಯವರು ಅಂದುಕೊಳ್ಳುತ್ತಾರೆ ಎಂಬ ಭಯದಲ್ಲಿ ನಮ್ಮ ಹಿರಿಯರು ಹೆಸರು ಬದಲಾಯಿಸಿದರು. ಆ ಭಯಕ್ಕೆ ಕಾರಣ ಇತ್ತು. ಅದೇ ಥರದ ಮಾತು ಕೇಳಿಸಿಕೊಂಡ ಇನ್ನೊಂದು ಜನ ಬೇರೆ ದಾರಿ ಹಿಡಿದರು ಅನ್ನುವುದು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ, ಅಷ್ಟೇ.

ಹೆಸರು ಉಳಿದರೆ ಭಾಷೆ ಉಳಿಯುತ್ತದೆ ಅಂತಲೂ ಅಲ್ಲ. 1911ರಲ್ಲಿ ವೇಲ್ಸ್‌ನಲ್ಲಿ ನೂರಕ್ಕೆ 43 ಜನಕ್ಕಿಂತ ಹೆಚ್ಚು ವೆಲ್ಶ್ ಮಾತಾಡುತ್ತಿದ್ದರು. 2021ರ ಜನಗಣತಿಯಲ್ಲಿ ಅದು 17.8. ಊರು ತುಂಬ ಒಲ್ವೆನ್, ಬ್ಲೋಡ್ವೆನ್ ಇದ್ದ ಕಾಲದಲ್ಲೇ ಭಾಷೆ ಕೈಜಾರುತ್ತಾ ಹೋಯಿತು. ನನ್ನ ವಾರ್ಡಿನ ಎಷ್ಟೋ ಒಲ್ವೆನ್‌ಗಳ ಮಕ್ಕಳಿಗೆ ಅಮ್ಮನ ಭಾಷೆ ಬರುವುದಿಲ್ಲ, ಮೊಮ್ಮಕ್ಕಳು ವೆಲ್ಶ್ ಮಾಧ್ಯಮದ ಶಾಲೆಯಲ್ಲಿ ಮತ್ತೆ ಕಲಿಯುತ್ತಿದ್ದಾರೆ.

ಆ ಕಿತ್ತಳೆ ಬ್ಯಾಡ್ಜಿನ ಸಹೋದ್ಯೋಗಿ ಈಗ ಬಸುರಿ. ಹೆಣ್ಣು ಮಗು ಅಂತ ಗೊತ್ತಾಗಿದೆ, ಇಲ್ಲಿ ಹೇಳುತ್ತಾರೆ. ಅವಳ ಪಟ್ಟಿಯಲ್ಲಿ ಮಾಲಿ ಇದೆ, ನೆಲ್ ಇದೆ, ಒಲ್ವೆನ್ ಕೂಡ ಇದೆ. ಗಂಡನಿಗೆ ಮೂರೂ ಒಪ್ಪಿಗೆ. ಅವಳ ಅಮ್ಮ ಮಾತ್ರ ಒಲ್ವೆನ್ ಬೇಡ, ಮಗುವನ್ನು ಸ್ಕೂಲಿನಲ್ಲಿ ಅಜ್ಜಿ ಅಂತಾರೆ ಅನ್ನುತ್ತಿದ್ದಾರಂತೆ. ಕ್ಯಾಂಟೀನಿನಲ್ಲಿ ನನ್ನನ್ನು ಕೇಳಿದಳು. ನಾನು ಒಲ್ವೆನ್ ಅಂದೆ. ಅಮ್ಮ ಒಪ್ಪದಿದ್ದರೆ ಸರ್ಟಿಫಿಕೇಟಿನಲ್ಲಿ ಮಾಲಿ ಒಲ್ವೆನ್ ಅಂತ ಬರೆಸು, ಮನೆಯಲ್ಲಿ ನಿನಗೆ ಇಷ್ಟವಾದ ಹಾಗೆ ಕರಿ ಅಂತಲೂ ಅಂದೆ. ಅವಳು ನಕ್ಕು, ನಮ್ಮ ಮುತ್ತಜ್ಜಿಯೂ ಅದನ್ನೇ ಮಾಡಿದ್ದು ಅಂದಳು.